ಹೆಸರಿಗೊಂದು ಕಲ್ಲು

ಗೋಡೆಗೆ ಒರಗಿಸಿಟ್ಟ ಕಲ್ಲುಗಳ ಮೇಲೆ ಇನ್ನೂ ಯಾರ ಹೆಸರೂ ಇಲ್ಲ. ಬೆಂಗಳೂರಿನ ಹೊಸೂರು ರಸ್ತೆಯ ಕ್ರೈಸ್ತ ಸ್ಮಶಾನಕ್ಕೆ ಹತ್ತಿರದ ಕಲ್ಲಿನಂಗಡಿ. ಕೊರೆಯುವ ಯಂತ್ರ ನಿಂತರೂ ದೂಳು ಕೆಳಗಿಳಿದಿಲ್ಲ. ಅಪ್ಪ, ಮಗಳು, ಮಗ ಬಂದಿದ್ದಾರೆ. ಮಗಳ ಕೈಯಲ್ಲಿ ಅಮ್ಮನ ಫೋಟೊ.

ಮಗನ ಕಣ್ಣು ಮಕ್ರಾನಾದ ಬಿಳಿ ಅಮೃತಶಿಲೆಯ ಮೇಲೆ. "ಅಮ್ಮನಿಗೆ ಬಿಳಿ ಅಂದ್ರೆ ಇಷ್ಟ, ಮೇಸ್ತ್ರಿ." ಮೇಸ್ತ್ರಿ ಬೇಡ ಅನ್ನುವುದಿಲ್ಲ. ದುರಸ್ತಿಗೆ ಬಂದ ಹಳೆಯ ಕಲ್ಲೊಂದನ್ನು ತೋರಿಸುತ್ತಾರೆ. ಅಮೃತಶಿಲೆ ಸುಣ್ಣದ ಕುಲದ್ದು. ಮಳೆನೀರಿನ ಹುಳಿ ಅದನ್ನು ವರ್ಷವರ್ಷವೂ ತುಸುತುಸುವೇ ಕರಗಿಸುತ್ತದೆ. ಆ ಕಲ್ಲಿನ ಹೆಸರನ್ನು ಈಗ ಬೆರಳಾಡಿಸಿಯೇ ಓದಬೇಕು. ಪಕ್ಕದಲ್ಲಿರುವುದು ಇಳಕಲ್ಲಿನ ಕೆಂಪು ಕಲ್ಲು. ಗಟ್ಟಿ, ಚೆಲುವು, ಆದರೆ ದಪ್ಪ ಹರಳಿನ ಬಣ್ಣಗಳ ನಡುವೆ ಸಣ್ಣ ಅಕ್ಷರ ಕಳೆದುಹೋಗುತ್ತದೆ. ಚಾಮರಾಜನಗರದ ಕಪ್ಪು ಕಲ್ಲಿನ ಕಣ ನುಣುಪು. ಉಜ್ಜಿ ಹೊಳಪೇರಿಸಿದಲ್ಲಿ ಕಾಡಿಗೆಗಪ್ಪು, ಕೊರೆದಲ್ಲಿ ಬೂದುಬಿಳಿ. ಬಣ್ಣ ತುಂಬದೆಯೂ ಹೆಸರು ಎದ್ದು ಕಾಣುತ್ತದೆ. ಯುರೋಪಿನ ಸ್ಮಶಾನಗಳಿಗೂ ಈ ಕಲ್ಲು ಹಡಗೇರಿ ಹೋಗುತ್ತದೆ.

ಕಲ್ಲು ಒಪ್ಪಿತವಾದರೂ ಆಕಾರ ಬಗೆಹರಿದಿಲ್ಲ. ಗೋರಿಯನ್ನು ಪೂರ್ತಿ ಮುಚ್ಚುವ ಚಪ್ಪಡಿಯೇ, ತಲೆಯ ಬಳಿ ನಿಲ್ಲಿಸುವ ಕಲ್ಲೇ? ಚಪ್ಪಡಿಯಾದರೆ ಕಳೆ ಬೆಳೆಯುವುದಿಲ್ಲ ಎಂದು ಮಗನ ವಾದ.

"ನವೆಂಬರ್ 2ಕ್ಕೆ ಮೇಣದಬತ್ತಿ ಎಲ್ಲಿ ನೆಡ್ತೀಯೋ? ಕಲ್ಲಲ್ಲಾ?" ಅಕ್ಕ ಕೇಳುತ್ತಾಳೆ.

ನಾನು ಅಕ್ಕನ ಕಡೆ. ಅಗಲಿದವರನ್ನು ನೆನೆಯುವ ಆ ದಿನ ಸ್ಮಶಾನದೊಳಗೆ ನಡೆದು ನೋಡಬೇಕು. ಜನ ಕುಕ್ಕರುಗಾಲಲ್ಲಿ ಕೂತು ಮಣ್ಣು ಕೆದಕುತ್ತಾರೆ, ನೀರೆರೆಯುತ್ತಾರೆ, ಸೇವಂತಿಗೆಯನ್ನು ಶಿಲುಬೆಯಾಗಿ ಜೋಡಿಸುತ್ತಾರೆ. ಅಷ್ಟು ಹೊತ್ತು ಕೈಗೊಂದು ಕೆಲಸವಿರುತ್ತದೆ, ಮಾತೂ ಹೊರಡುತ್ತದೆ. ಗೋರಿಯುದ್ದಕ್ಕೂ ಗ್ರಾನೈಟ್ ಹಾಸಿದವರು ಒರೆಸಿ ಎದ್ದುಬಿಡುತ್ತಾರೆ.

ಮೇಸ್ತ್ರಿಗೆ ಅವಸರವಿಲ್ಲ. ಒಂದು ಮಳೆಗಾಲ ಕಳೆದು ಮಣ್ಣು ಕೂರಲಿ, ಈಗಲೇ ನಿಲ್ಲಿಸಿದರೆ ಕಲ್ಲು ವಾಲುತ್ತದೆ ಎನ್ನುತ್ತಾರೆ. ಅಷ್ಟರಲ್ಲಿ ಬರಹವನ್ನು ತಪ್ಪಿಲ್ಲದೆ ಬರೆದು ತರಬೇಕು. ಕನ್ನಡವಾದರೆ ಸಾಲುಗಳ ನಡುವೆ ಜಾಗ ಹೆಚ್ಚು ಬೇಕು. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ.

ಅಲ್ಲಿಯವರೆಗೂ ಸುಮ್ಮನಿದ್ದ ಅಪ್ಪ ಬಾಯಿಬಿಟ್ಟರು. "ಅದೇ ಗುಂಡಿ ಮತ್ತೆ ತೆಗೀತಾರಲ್ಲಾ ಮೇಸ್ತ್ರಿ?"

ಜಾಗ ಸಾಲದ ಊರಲ್ಲಿ ಕುಟುಂಬದ ಗೋರಿಗಳಿಗೆ ಅದು ರೂಢಿ. ಮೇಸ್ತ್ರಿ ಹೌದೆಂದರು.

"ಹಾಗಾದ್ರೆ ಅವಳ ಹೆಸರಿನ ಕೆಳಗೆ ಖಾಲಿ ಬಿಡಿ. ನನ್ನ ಹೆಸರಲ್ಲಿ ಎರಡು ಒತ್ತು ಇದೆ, ಜಾಗ ಸ್ವಲ್ಪ ಜಾಸ್ತಿನೇ ಇರಲಿ."