ಕಂಬಳಿಯೋ, ಚೀಲವೋ?

ಬಂಡೀಪುರದ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಎತ್ತರ 1,454 ಮೀಟರ್. ಧನುರ್ಮಾಸದಲ್ಲಿ ಇಲ್ಲಿನ ಕಾಡಿನ ಕಳ್ಳಬೇಟೆ ತಡೆ ಶಿಬಿರಗಳಲ್ಲಿ ರಾತ್ರಿ ಕಳೆಯುವವರಿಗೆ ಹೊದಿಕೆ ಷೋಕಿಯಲ್ಲ. ನಿದ್ದೆಗೆಟ್ಟವರೂ ಬೆಳಗಾದರೆ ಆನೆ ಓಡಾಡುವ ದಾರಿಯಲ್ಲಿ ಗಸ್ತು ತಿರುಗಬೇಕು. ಹೊದಿಕೆ ಬೆಚ್ಚಗಿರಬೇಕು, ಹೊರಲು ಹಗುರವಿರಬೇಕು, ಸಂಬಳಕ್ಕೂ ಎಟುಕಬೇಕು.

ಹೊದಿಕೆ ತಾನಾಗಿ ಶಾಖ ಹುಟ್ಟಿಸುವುದಿಲ್ಲ. ಎಳೆಗಳ ನಡುವೆ ನಿಂತ ಗಾಳಿ ಮೈಬಿಸಿಯನ್ನು ಹೊರಬಿಡದೆ ತಡೆಯುತ್ತದೆ, ಅಷ್ಟೆ. ಕುರುಬರು ನೇಯುವ ಕರಿಕಂಬಳಿಯ ಗುಟ್ಟೂ ಇದೇ. ಉಣ್ಣೆ ತನ್ನ ತೂಕದ ಸುಮಾರು ಶೇ 30ರಷ್ಟು ತೇವ ಹೀರಿದರೂ ಒದ್ದೆಯೆನಿಸದು. ಆದರೆ ಕಂಬಳಿ ಭಾರ. ಬಾತುಕೋಳಿಯ ನವಿರುಪುಕ್ಕ ತುಂಬಿದ ಸ್ಲೀಪಿಂಗ್ ಬ್ಯಾಗ್ ಬಲು ಹಗುರ. ಬೆಲೆ ಮಾತ್ರ ದುಬಾರಿ, ನೆನೆದರೆ ಮುದ್ದೆ. ಪಾಲಿಯೆಸ್ಟರ್ ಎಳೆಯ ಚೀಲ ತುಸು ತೂಕವಾದರೂ ಅಗ್ಗ. ಮಂಜಿನ ತೇವವನ್ನೂ ತಾಳಿಕೊಳ್ಳುತ್ತದೆ.

ಕೊಳ್ಳುವಾಗ ಚೀಟಿಯಲ್ಲಿನ ‘ಕಂಫರ್ಟ್’ ಉಷ್ಣಾಂಶ ನೋಡಬೇಕು. ‘ಎಕ್ಸ್‌ಟ್ರೀಮ್’ ಎಂಬ ಅಂಕಿ ಜೀವ ಉಳಿಸಿಕೊಳ್ಳುವ ಮಟ್ಟ, ನಿದ್ದೆಯದಲ್ಲ. ಬಂಡೀಪುರಕ್ಕೆ 5 ಡಿಗ್ರಿ ಸೆಲ್ಸಿಯಸ್‌ನ ಚೀಲ ಧಾರಾಳವಾಗಿ ಸಾಕು. ಹಿಮಾಲಯದ ಚೀಲಕ್ಕೆ ಹಣ ಸುರಿಯಬೇಕಿಲ್ಲ.

ಚೀಲವೊಂದೇ ಸಾಲದು. ಮೈಭಾರಕ್ಕೆ ಅದರ ಅಡಿಭಾಗ ಅಪ್ಪಚ್ಚಿಯಾಗಿ ಗಾಳಿ ಉಳಿಯುವುದಿಲ್ಲ, ನೆಲ ಬಿಸಿಯನ್ನು ಎಳೆದುಕೊಳ್ಳುತ್ತದೆ. ಕೆಳಗೆ ಫೋಮ್ ಚಾಪೆ ಬೇಕು. ಶಿಬಿರದಲ್ಲಿ ಹಳೆಯ ಕಂಬಳಿ ಇದ್ದರೆ ಅದಕ್ಕೂ ಖರ್ಚಿಲ್ಲ; ಮಡಿಸಿ ಹಾಸಿದರಾಯಿತು.