ಅಮೃತಬಳ್ಳಿ

ಕಾಡಿನ ಮರಗಳನ್ನು ತಬ್ಬಿ ಬೆಳೆಯುವ ಅಮೃತಬಳ್ಳಿಯನ್ನು ನಮ್ಮ ವಾಚಕ ಮಹಾಶಯರು ಅರಿಯದವರಲ್ಲ. ಇದರ ಎಲೆಯು ಹೃದಯಾಕಾರದ್ದು; ಕತ್ತರಿಸಿದ ಕಾಂಡವೂ ದಾರದಂಥ ಬೇರುಗಳನ್ನಿಳಿಸಿ ಮತ್ತೆ ಚಿಗುರುವುದು. ಆದುದರಿಂದಲೇ ಸಂಸ್ಕೃತದಲ್ಲಿ ಇದಕ್ಕೆ ‘ಛಿನ್ನರುಹಾ’ ಎಂಬ ಹೆಸರುಂಟು. ಜ್ವರ ಬಂದಾಗ ಕಾಂಡವನ್ನು ಜಜ್ಜಿ, ಕಷಾಯ ಮಾಡಿ ಕುಡಿಸುವುದು ಹಿರಿಯರಿಂದ ಬಂದ ಪದ್ಧತಿ.

ಆದರೆ ಅತಿಯಾದರೆ ಅಮೃತವೂ ವಿಷವಷ್ಟೆ. ೨೦೨೦ರಲ್ಲಿ ಕೊರೋನಾ ರೋಗದ ಭಯದಿಂದ ಮನೆಮನೆಯಲ್ಲಿ ಇದರ ಸೇವನೆ ಹೆಚ್ಚಿತು. ಇದನ್ನು ಸೇವಿಸಿದ್ದ ಆರು ಮಂದಿಯ ಯಕೃತ್ತಿಗೆ ತೊಂದರೆಯಾದುದನ್ನು ೨೦೨೧ರಲ್ಲಿ ಮುಂಬಯಿಯ ವೈದ್ಯರು ಪ್ರಕಟಿಸಿದರು. ಇದನ್ನೇ ಹೋಲುವ, ಕಾಂಡದ ತುಂಬ ಸಣ್ಣ ಉಬ್ಬುಗಳುಳ್ಳ ಬೇರೊಂದು ಬಳ್ಳಿಯ ವಿಷಯದಲ್ಲಿ ಸರಕಾರದ ಆಯುಷ್ ಇಲಾಖೆಯೂ ಎಚ್ಚರಿಸಿತು.

ಆದಕಾರಣ ಗೃಹಿಣಿಯರು ಬಳ್ಳಿಯ ಗುರುತನ್ನು ಬಲ್ಲವರಿಂದ ತಿಳಿದು, ವೈದ್ಯರನ್ನು ಕೇಳಿಯೇ ಬಳಸಬೇಕೆಂದು ಬಿನ್ನವಿಸುವೆವು. ಕುಡಿದವರ ಕಣ್ಣು ಹಳದಿಯಾದರೆ ಕಷಾಯವನ್ನು ಅಂದೇ ನಿಲ್ಲಿಸಿ, ಅವರನ್ನು ವೈದ್ಯರಿಗೆ ತೋರಿಸತಕ್ಕದ್ದು.