ಹಳ್ಳಿಯ ಜಮೀನಿನಲ್ಲಿ ಕಾರ್ಖಾನೆ ಕಟ್ಟುವ ಮುನ್ನ: ಅನುಮತಿಗಳ ಸರದಿ

ಪಟ್ಟಣದೊಳಗೆ ನಿವೇಶನದ ಬೆಲೆ ಏರಿದಂತೆಲ್ಲ ಸಣ್ಣ ಉದ್ದಿಮೆದಾರರ ದೃಷ್ಟಿ ಸಹಜವಾಗಿಯೇ ಹಳ್ಳಿಗಳ ಕಡೆಗೆ ಹೊರಳುತ್ತಿದೆ. ಕಚ್ಚಾ ಸಾಮಗ್ರಿ ದೊರೆಯುವ ಊರಿನ ಬಳಿಯೇ ಗಾಣ, ಗೋದಾಮು ಅಥವಾ ಕಾರ್ಯಾಗಾರ ಸ್ಥಾಪಿಸಿದರೆ ಸಾಗಣೆ ವೆಚ್ಚವೂ ಉಳಿಯುತ್ತದೆ. ಆದರೆ ಕೃಷಿ ಜಮೀನನ್ನು ಕೊಳ್ಳುವುದು ಒಂದು ಕಾರ್ಯ, ಅದರ ಮೇಲೆ ಕಾರ್ಖಾನೆ ಕಟ್ಟುವ ಹಕ್ಕನ್ನು ಪಡೆಯುವುದು ಇನ್ನೊಂದು ಕಾರ್ಯ. ಇವೆರಡರ ನಡುವಣ ಅಂತರವನ್ನು ಅರಿಯದೆ ಹಣ ತೊಡಗಿಸಿ, ಛಾವಣಿ ಏರಿದ ಮೇಲೆ ವಿದ್ಯುತ್ ಸಂಪರ್ಕವಿಲ್ಲದೆ, ಬ್ಯಾಂಕಿನ ಸಾಲವೂ ಮಂಜೂರಾಗದೆ ಪರಿತಪಿಸುವ ಸಂದರ್ಭಗಳು ವಿರಳವಲ್ಲ. ಆದ್ದರಿಂದ ಕರ್ನಾಟಕದಲ್ಲಿ ಈ ಅನುಮತಿಗಳು ಯಾವುವು, ಅವುಗಳನ್ನು ಯಾವ ಕ್ರಮದಲ್ಲಿ ಪಡೆಯಬೇಕು ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿವರಿಸಲಾಗಿದೆ.

ಮೊದಲಿಗೆ ಮನದಟ್ಟು ಮಾಡಿಕೊಳ್ಳಬೇಕಾದ ಸಂಗತಿಯೆಂದರೆ, ಒಂದೊಂದು ಕಾಗದವೂ ಒಂದೊಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಜಮೀನು ಯಾರದು? ಅದನ್ನು ಯಾವ ಉದ್ದೇಶಕ್ಕೆ ಬಳಸಬಹುದು? ಅಲ್ಲಿ ಎಂತಹ ಕಟ್ಟಡ ಕಟ್ಟಬಹುದು? ಆ ಕಟ್ಟಡದಲ್ಲಿ ಯಾವ ಯಂತ್ರ ನಡೆಸಬಹುದು? ಈ ನಾಲ್ಕು ಪ್ರಶ್ನೆಗಳನ್ನು ಕೇಳುವ ಕಚೇರಿಗಳು ಬೇರೆ ಬೇರೆ. ಒಂದರ ಉತ್ತರವನ್ನು ಇನ್ನೊಂದರ ಬದಲಿಗೆ ತೋರಿಸಲಾಗದು. ಭೂ ಪರಿವರ್ತನೆಯ ಆದೇಶ ಕೈಸೇರಿದೊಡನೆ ಎಲ್ಲವೂ ಮುಗಿಯಿತೆಂದು ತಿಳಿಯುವುದೇ ಅತ್ಯಂತ ಸಾಮಾನ್ಯವಾದ ತಪ್ಪು.

ಕೊಳ್ಳುವ ಮುನ್ನ ನೋಡಬೇಕಾದುದು

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ತಿಪಟೂರಿನ ಕೊಬ್ಬರಿ ವರ್ತಕರೊಬ್ಬರು ಎಣ್ಣೆ ತಯಾರಿಕಾ ಘಟಕಕ್ಕಾಗಿ ಸಮೀಪದ ಹಳ್ಳಿಯಲ್ಲಿ 2 ಎಕರೆ 20 ಗುಂಟೆ ಜಮೀನನ್ನು ಕೊಳ್ಳಲು ಬಯಸುತ್ತಾರೆಂದು ಭಾವಿಸಿರಿ. ಅವರು ಮುಂಗಡ ಕೊಡುವ ಮೊದಲೇ ಪಹಣಿಯನ್ನು ಓದಬೇಕು. ಅದರ 9ನೆಯ ಅಂಕಣದಲ್ಲಿ ಮಾಲೀಕರ ಹೆಸರು, 11ನೆಯ ಅಂಕಣದಲ್ಲಿ ಇತರ ಹಕ್ಕು ಮತ್ತು ಋಣಗಳು ನಮೂದಾಗಿರುತ್ತವೆ. ಸಹಕಾರ ಸಂಘದ ಸಾಲ, ನ್ಯಾಯಾಲಯದ ತಡೆಯಾಜ್ಞೆ ಮೊದಲಾದವುಗಳ ಸುಳಿವು ದೊರೆಯುವುದು ಇಲ್ಲಿಯೇ. ಉಪನೋಂದಣಾಧಿಕಾರಿಗಳ ಕಚೇರಿಯಿಂದ ಋಣಭಾರ ಪತ್ರವನ್ನೂ ಪಡೆಯಬೇಕು.

ಖರಾಬಿನ ಲೆಕ್ಕವನ್ನು ಅನೇಕರು ಕಡೆಗಣಿಸುತ್ತಾರೆ. ಮೇಲಿನ ಜಮೀನಿನಲ್ಲಿ 6 ಗುಂಟೆ ‘ಬಿ’ ಖರಾಬು ಎಂದಿದ್ದರೆ, ಅದು ಬಂಡಿದಾರಿ, ಹಳ್ಳ ಮುಂತಾದ ಸಾರ್ವಜನಿಕ ಉಪಯೋಗದ ನೆಲ. ಅದು ಮಾರಾಟಗಾರರ ಸ್ವತ್ತಲ್ಲ; ಪರಿವರ್ತನೆಗೂ ಒಳಪಡದು. ಆಗ ವರ್ತಕರ ಕೈಗೆ ನಿಜವಾಗಿ ಬರುವುದು 2 ಎಕರೆ 14 ಗುಂಟೆ ಮಾತ್ರ. ಆ ದಾರಿ ಜಮೀನಿನ ನಡುವೆ ಹಾದುಹೋಗಿದ್ದರೆ ಕಟ್ಟಡದ ನಕ್ಷೆಯನ್ನೇ ಬದಲಿಸಬೇಕಾದೀತು. ಗ್ರಾಮ ನಕಾಶೆಯನ್ನು ಪಹಣಿಯೊಡನೆ ಹೋಲಿಸಿ ನೋಡುವುದು ಇದಕ್ಕಾಗಿಯೇ. ಒಂದು ಸರ್ವೆ ನಂಬರಿನ ಭಾಗವನ್ನಷ್ಟೇ ಕೊಳ್ಳುವುದಾದರೆ ಭೂಮಾಪನ ಇಲಾಖೆಯ 11ಇ ನಕ್ಷೆಯೂ ಅವಶ್ಯ.

ಎಲ್ಲಕ್ಕಿಂತ ಮುಖ್ಯವಾದುದು ಜಮೀನಿನ ಪೂರ್ವೇತಿಹಾಸ. ಪರಿಶಿಷ್ಟ ಜಾತಿ ಅಥವಾ ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವುದನ್ನು 1978ರ ಕಾಯ್ದೆ ನಿಷೇಧಿಸುತ್ತದೆ. ಅಂತಹ ಮಾರಾಟ ಅಸಿಂಧು; ಉಪವಿಭಾಗಾಧಿಕಾರಿಗಳು ಜಮೀನನ್ನು ಮೂಲ ಮಂಜೂರುದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳಿ ಕೊಡಿಸಬಹುದು. ಈ ಬಗೆಯ ಅರ್ಜಿಯನ್ನು ಯುಕ್ತ ಕಾಲದೊಳಗೆ ಸಲ್ಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಹೇಳಿತ್ತು. ಆ ಬಳಿಕ ರಾಜ್ಯ ಶಾಸನಸಭೆ 2023ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಕಾಲಮಿತಿಯ ಅಡ್ಡಿ ಇಲ್ಲವೆಂಬ ಅಂಶವನ್ನು ಸೇರಿಸಿತು. ಭೂಹೀನರ ರಕ್ಷಣೆಗಾಗಿ ರೂಪುಗೊಂಡ ಕಾನೂನು ಇದು. ಇದನ್ನು ಗೌರವಿಸುವ ಮಾರ್ಗವೆಂದರೆ, ಮಂಜೂರಾತಿಯ ಕಡತವನ್ನು ತಾಲ್ಲೂಕು ಕಚೇರಿಯಲ್ಲಿ ಪರಿಶೀಲಿಸದೆ ಜಮೀನು ಕೊಳ್ಳದಿರುವುದು. ಮೂರು ಕೈ ಬದಲಾದ ಮೇಲೆ ಕೊಂಡವರಿಗೂ ಈ ದೋಷ ತಟ್ಟುತ್ತದೆ.

2020ರ ಭೂ ಸುಧಾರಣಾ ತಿದ್ದುಪಡಿಯ ಅನಂತರ ಕೃಷಿಕರಲ್ಲದ ವ್ಯಕ್ತಿಗಳೂ ಕೃಷಿಭೂಮಿ ಕೊಳ್ಳಲು ಅವಕಾಶವಾಗಿದೆ. ಹಿಂದೆ ಅಡ್ಡಿಯಾಗಿದ್ದ 79ಎ ಮತ್ತು 79ಬಿ ಕಲಮುಗಳು ರದ್ದಾಗಿವೆ. ಆದರೆ ಆ ತಿದ್ದುಪಡಿ ತೆರೆದದ್ದು ಕೊಳ್ಳುವ ಬಾಗಿಲನ್ನು ಮಾತ್ರ, ಕಟ್ಟುವ ಬಾಗಿಲನ್ನಲ್ಲ. ಕಂಪನಿಯ ಹೆಸರಿನಲ್ಲಿ ಕೈಗಾರಿಕೆಗಾಗಿ ಕೊಳ್ಳುವುದಾದರೆ ಅದೇ ಕಾಯ್ದೆಯ 109ನೆಯ ಕಲಮನ್ನು ವಕೀಲರೊಡನೆ ಕುಳಿತು ಓದಿಕೊಳ್ಳುವುದು ಒಳಿತು.

ಭೂ ಪರಿವರ್ತನೆ

ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 95ನೆಯ ಕಲಂ ಈ ವಿಷಯದ ಮೂಲ. ಕೃಷಿ ಜಮೀನಿನ ಅನುಭೋಗದಾರರು ಬೇಸಾಯದ ಅನುಕೂಲಕ್ಕಾಗಿ ತೋಟದ ಕಟ್ಟಡ, ಬಾವಿ, ಕೆರೆಕಟ್ಟೆಗಳನ್ನು ನಿರ್ಮಿಸಿಕೊಳ್ಳಬಹುದು. ಅದಕ್ಕೆ ಹೊರತಾದ ಉದ್ದೇಶಕ್ಕೆ ಜಮೀನನ್ನು ತಿರುಗಿಸುವಾಗ ಜಿಲ್ಲಾಧಿಕಾರಿಗಳ ಅನುಮತಿ ಬೇಕೆಂಬುದು ಅಲ್ಲಿನ ಮೂಲ ನಿಯಮ. ತೋಟದ ಮನೆಯೆಂದು ಕಟ್ಟಿ ಗೋದಾಮಾಗಿ ಬಳಸುವುದು ಈ ನಿಯಮದ ಉಲ್ಲಂಘನೆಯೇ ಸರಿ. ಅನಧಿಕೃತ ಬಳಕೆಗೆ ದಂಡದ ವ್ಯವಸ್ಥೆ 96ನೆಯ ಕಲಮಿನಲ್ಲಿದೆ.

ಈ 95ನೆಯ ಕಲಮಿಗೆ ಇತ್ತೀಚಿನ ವರ್ಷಗಳಲ್ಲಿ ಪದೇ ಪದೇ ತಿದ್ದುಪಡಿಗಳಾಗಿವೆ. ಅರ್ಜಿಯನ್ನು ಪ್ರಮಾಣಪತ್ರದೊಡನೆ ಗಣಕಜಾಲದ ಮೂಲಕವೇ ಸಲ್ಲಿಸುವ ಪದ್ಧತಿ ಬಂದಿದೆ. ಮಹಾಯೋಜನೆಗೆ ಅನುಗುಣವಾದ ಬಳಕೆಗೆ ವಿಧಾನ ಸರಳವಾಗಿದೆ. ಆದುದರಿಂದ ಹಳೆಯ ಕೈಪಿಡಿಯನ್ನಾಗಲಿ ನೆರೆಯವರ ಅನುಭವವನ್ನಾಗಲಿ ನೆಚ್ಚದೆ, ಅರ್ಜಿ ಸಲ್ಲಿಸುವ ದಿನ ಜಾರಿಯಲ್ಲಿರುವ ಪಾಠವನ್ನೇ ನೋಡಬೇಕು. ಒಂದು ಎಚ್ಚರಿಕೆ ಮಾತ್ರ ಎಂದಿಗೂ ಹಳೆಯದಾಗದು: ಪರಿವರ್ತನೆಯಲ್ಲಿ ಸಿಗುವ ಸಡಿಲಿಕೆ ಪರಿವರ್ತನೆಗಷ್ಟೇ ಸೀಮಿತ. ಅದು ಹಕ್ಕಿನ ದೋಷವನ್ನು ತೊಳೆಯದು. ಕಟ್ಟಡದ ಪರವಾನಗಿಯ ಬದಲಿಗೂ ನಿಲ್ಲದು.

ಆದೇಶದಲ್ಲಿ ಉದ್ದೇಶ ನಮೂದಾಗಿರುತ್ತದೆ ಎಂಬುದೂ ಗಮನಾರ್ಹ. ವಾಸದ ಉದ್ದೇಶಕ್ಕೆ ಪರಿವರ್ತನೆಯಾದ ಜಮೀನು ಅಗ್ಗವಾಗಿ ದೊರೆಯಿತೆಂದು ಕೊಂಡು, ಅಲ್ಲಿ ಕಾರ್ಖಾನೆ ಕಟ್ಟಲು ಬರುವುದಿಲ್ಲ. ಪ್ರಮಾಣಪತ್ರದಲ್ಲಿ ತಪ್ಪು ಮಾಹಿತಿ ಕೊಟ್ಟು ಪಡೆದ ಆದೇಶವೂ ಉಳಿಯದು.

ಯೋಜನಾ ಪ್ರದೇಶ ಮತ್ತು ಗ್ರಾಮ ಪಂಚಾಯಿತಿ

ಹಳ್ಳಿಯೆಂದ ಮಾತ್ರಕ್ಕೆ ನಗರ ಯೋಜನೆಯ ಕಾನೂನು ಅನ್ವಯಿಸದೆಂದು ಭಾವಿಸಬಾರದು. ಪಟ್ಟಣಗಳ ಸುತ್ತಲಿನ ಅನೇಕ ಗ್ರಾಮಗಳು ಸ್ಥಳೀಯ ಯೋಜನಾ ಪ್ರದೇಶದೊಳಗಿವೆ. ಅಲ್ಲಿ ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಪ್ರಕಾರ ಯೋಜನಾ ಪ್ರಾಧಿಕಾರದ ಒಪ್ಪಿಗೆ ಬೇಕು. ಮಹಾಯೋಜನೆಯಲ್ಲಿ ಆ ಸರ್ವೆ ನಂಬರು ಕೃಷಿ ವಲಯದಲ್ಲಿದ್ದರೆ, 14ಎ ಕಲಮಿನ ಪ್ರಕಾರ ಭೂ ಉಪಯೋಗ ಬದಲಾವಣೆ ಆಗದ ಹೊರತು ಕೈಗಾರಿಕೆಯ ಮಾತು ಮುಂದುವರಿಯದು. ಆದ್ದರಿಂದ ಯಾವ ವಲಯವೆಂಬುದನ್ನು ಬರವಣಿಗೆಯಲ್ಲಿ ಪಡೆದುಕೊಳ್ಳುವುದು ಖರೀದಿಗೆ ಮೊದಲೇ ಆಗಬೇಕಾದ ಕೆಲಸ.

ಗ್ರಾಮ ಪಂಚಾಯಿತಿಯ ಪಾತ್ರವನ್ನು ಲಘುವಾಗಿ ಕಾಣುವವರುಂಟು. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ, 1993ರ 64ನೆಯ ಕಲಂ ಕಟ್ಟಡ ನಿರ್ಮಾಣದ ನಿಯಂತ್ರಣವನ್ನೂ, 66ನೆಯ ಕಲಂ ಕಾರ್ಖಾನೆಯ ನಿರ್ಮಾಣ ಹಾಗೂ ಯಂತ್ರ ಸ್ಥಾಪನೆಯ ಅನುಮತಿಯನ್ನೂ ಪಂಚಾಯಿತಿಗೆ ವಹಿಸಿವೆ. ಇವೆರಡೂ ಪ್ರತ್ಯೇಕ. ಕಟ್ಟಡಕ್ಕೆ ಪರವಾನಗಿ ಪಡೆದವರು ಯಂತ್ರ ಕೂರಿಸಲು ಮತ್ತೆ ಕೇಳಬೇಕಾಗುತ್ತದೆ. ಎರಡು ಅರ್ಜಿಗಳನ್ನೂ ಒಟ್ಟಿಗೇ ಸಿದ್ಧಪಡಿಸಿಕೊಂಡರೆ ಕಾಲ ಉಳಿದೀತು. ಹೊಗೆ, ಸದ್ದು, ನೀರಿನ ಬಳಕೆಗಳ ಬಗ್ಗೆ ಊರಿನವರಿಗೆ ಮೊದಲೇ ತಿಳಿಯಹೇಳುವುದು ಸೌಜನ್ಯವಷ್ಟೇ ಅಲ್ಲ, ವಿವೇಕವೂ ಹೌದು.

ಮಾಲಿನ್ಯ ನಿಯಂತ್ರಣ ಮತ್ತು ಏಕಗವಾಕ್ಷಿ

1974ರ ಜಲ ಕಾಯ್ದೆ ಹಾಗೂ 1981ರ ವಾಯು ಕಾಯ್ದೆಗಳ ಪ್ರಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಕಟ್ಟಡ ಆರಂಭಿಸುವ ಮೊದಲು ಸ್ಥಾಪನಾ ಸಮ್ಮತಿಯನ್ನೂ, ಉತ್ಪಾದನೆಗೆ ಮೊದಲು ಕಾರ್ಯಾಚರಣಾ ಸಮ್ಮತಿಯನ್ನೂ ಪಡೆಯಬೇಕು. ಕೆಂಪು, ಕಿತ್ತಳೆ, ಹಸಿರು, ಬಿಳಿ ಎಂಬ ವರ್ಗೀಕರಣದಲ್ಲಿ ತಮ್ಮ ಉದ್ದಿಮೆ ಎಲ್ಲಿ ಬರುತ್ತದೆಂಬುದನ್ನು ಮೊದಲೇ ತಿಳಿಯಬೇಕು. ಬಿಳಿ ವರ್ಗದ ಘಟಕಗಳಿಗೆ ಕೇಂದ್ರ ಸರ್ಕಾರ 2024ರಲ್ಲಿ ಸಮ್ಮತಿಯಿಂದ ವಿನಾಯಿತಿ ನೀಡಿದೆ.

ಇಷ್ಟೊಂದು ಕಚೇರಿಗಳ ಅಲೆದಾಟವನ್ನು ತಗ್ಗಿಸಲೆಂದೇ ಕರ್ನಾಟಕ ಕೈಗಾರಿಕೆಗಳ (ಸೌಲಭ್ಯ) ಕಾಯ್ದೆ, 2002 ಜಾರಿಗೆ ಬಂದಿತು. 15 ಕೋಟಿ ರೂಪಾಯಿವರೆಗಿನ ಯೋಜನೆಗಳನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಏಕಗವಾಕ್ಷಿ ಸಮಿತಿ ಪರಿಶೀಲಿಸುತ್ತದೆ. ನಮ್ಮ ಬಹುಪಾಲು ಓದುಗರ ಯೋಜನೆಗಳು ಈ ಮಿತಿಯೊಳಗೇ ಬರುವಂತಹವು. ಜಿಲ್ಲಾ ಕೈಗಾರಿಕಾ ಕೇಂದ್ರದ ಮೂಲಕ ಅರ್ಜಿ ಸಲ್ಲಿಸಬಹುದು. 2020ರ ತಿದ್ದುಪಡಿಯ ಪ್ರಕಾರ, ಸಮಿತಿಯ ಅನುಮೋದನೆ ಪಡೆದವರು ಪ್ರಮಾಣಪತ್ರ ಸಲ್ಲಿಸಿ ನಿರ್ಮಾಣ ಆರಂಭಿಸಬಹುದು. ಅಗತ್ಯ ಅನುಮತಿಗಳನ್ನು ಮೂರು ವರ್ಷಗಳೊಳಗೆ ಅಥವಾ ವಾಣಿಜ್ಯ ಉತ್ಪಾದನೆಗೆ ಮೊದಲು, ಯಾವುದು ಮುಂಚೆಯೋ ಅಷ್ಟರೊಳಗೆ, ಪಡೆದಿರಬೇಕು. ಇದು ಅನುಮತಿಯಿಂದ ವಿನಾಯಿತಿಯಲ್ಲ, ಕಾಲಾವಕಾಶ ಮಾತ್ರ.

ಸರದಿಯ ಸಾರಾಂಶ

ಒಟ್ಟಿನಲ್ಲಿ ಕ್ರಮ ಹೀಗಿರಲಿ: ಮೊದಲು ಹಕ್ಕಿನ ಪರಿಶೀಲನೆ ಮತ್ತು ವಲಯದ ಮಾಹಿತಿ, ಬಳಿಕ ಖರೀದಿ ಹಾಗೂ ಖಾತೆ ಬದಲಾವಣೆ, ಅನಂತರ ಏಕಗವಾಕ್ಷಿ ಸಮಿತಿಯ ಅನುಮೋದನೆ, ಭೂ ಪರಿವರ್ತನೆ, ಸ್ಥಾಪನಾ ಸಮ್ಮತಿ, ಮುಂದೆ ನಕ್ಷೆಯ ಮಂಜೂರಾತಿ ಮತ್ತು ಪಂಚಾಯಿತಿಯ ಪರವಾನಗಿ, ಕಡೆಯಲ್ಲಿ ವಿದ್ಯುತ್ ಸಂಪರ್ಕ ಮತ್ತು ಕಾರ್ಯಾಚರಣಾ ಸಮ್ಮತಿ. ಮಾರಾಟಗಾರರು ಅವಸರಪಡಿಸಿದರೆ, ಪೂರ್ಣ ಕ್ರಯದ ಬದಲು, ಪರಿವರ್ತನೆ ಆಗದಿದ್ದಲ್ಲಿ ಮುಂಗಡ ಹಿಂತಿರುಗಿಸಬೇಕೆಂಬ ಷರತ್ತಿನ ಕರಾರು ಮಾಡಿಕೊಳ್ಳಬಹುದು.

ಈ ಶ್ರಮ ಬೇಡವೆನ್ನುವವರಿಗೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ನಿವೇಶನಗಳು ಮತ್ತೊಂದು ದಾರಿ. ಅಲ್ಲಿ ಬೆಲೆ ಹೆಚ್ಚೆನಿಸಬಹುದು. ಆದರೆ ಹಳ್ಳಿಯ ಜಮೀನಿನ ಬೆಲೆಗೆ ಪರಿವರ್ತನೆಯ ಶುಲ್ಕ, ರಸ್ತೆ ಮತ್ತು ವಿದ್ಯುತ್ ಮಾರ್ಗದ ವೆಚ್ಚ, ಕಾದ ತಿಂಗಳುಗಳ ಬಡ್ಡಿ ಇವನ್ನೆಲ್ಲ ಕೂಡಿಸಿದ ಮೇಲೆಯೇ ಹೋಲಿಕೆ ನ್ಯಾಯವಾದೀತು. ಲೆಕ್ಕ ಬಲ್ಲ ವರ್ತಕರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಮುಂಗಡದ ಚೆಕ್ಕಿಗೆ ಸಹಿ ಮಾಡುವ ಮುನ್ನ ಪಹಣಿ, ಗ್ರಾಮ ನಕಾಶೆ, ಮಂಜೂರಾತಿಯ ಕಡತ, ವಲಯದ ಪತ್ರ ಈ ನಾಲ್ಕೂ ಮೇಜಿನ ಮೇಲಿರಲಿ. ಅಷ್ಟಾದರೆ ಉಳಿದ ದಾರಿ ದೀರ್ಘವಾದರೂ ಕ್ಷೇಮಕರ.